ಯೆಹೂದ್ಯರ ವಧೂವರಾನ್ವೇಷಣೆ

ಮಗಳಿಗೆ ತಕ್ಕ ವರನನ್ನರಸುತ್ತ ಮೆಟ್ಟು ಸವೆಸಿದ ಗೃಹಸ್ಥರಿಗೆ ಆ ಕಾರ್ಯದ ಬವಣೆಯನ್ನು ನಾವು ಬಣ್ಣಿಸಬೇಕಾದುದಿಲ್ಲ. ಯೆಹೂದ್ಯರ ಪ್ರಾಚೀನ ಗ್ರಂಥಗಳಲ್ಲಿ ಇದಕ್ಕೊಪ್ಪುವ ಕಥೆಯೊಂದುಂಟು. ಸೃಷ್ಟಿಕಾರ್ಯವು ಮುಗಿದಂದಿನಿಂದ ದೇವರು ಏನು ಮಾಡುತ್ತಿರುವನೆಂದು ರೋಮನ್ ಕುಲಸ್ತ್ರೀಯೊಬ್ಬಳು ರಬ್ಬಿ ಯೋಸೆಯೆಂಬ ಪಂಡಿತನನ್ನು ಕೇಳಿದಳಂತೆ. ಹೆಣ್ಣುಗಂಡುಗಳ ಸಂಬಂಧಗಳನ್ನು ಕೂಡಿಸುತ್ತಿರುವನೆಂದು ಆತನು ಉತ್ತರವಿತ್ತನು. ಇದೇನು ಮಹಾಕಾರ್ಯವೆಂದು ಆಕೆಯು ತನ್ನ ಸಾವಿರ ದಾಸರನ್ನೂ ಸಾವಿರ ದಾಸಿಯರನ್ನೂ ಸಾಲಾಗಿ ನಿಲ್ಲಿಸಿ, ಒಂದೇ ರಾತ್ರಿಯಲ್ಲಿ ಜೋಡಿ ಕಟ್ಟಿಬಿಟ್ಟಳು. ಬೆಳಗಾಗುವಷ್ಟರಲ್ಲಿ ಒಬ್ಬರ ತಲೆಯೊಡೆದಿತ್ತು, ಇನ್ನೊಬ್ಬರ ಕಣ್ಣು ಹೋಗಿತ್ತು, ಮತ್ತೊಬ್ಬರ ಕಾಲು ಮುರಿದಿತ್ತು!

ಪೂರ್ವಯೂರೋಪಿನ ಯೆಹೂದ್ಯರ ಊರುಗಳಲ್ಲಿ ಈ ಕಾರ್ಯಕ್ಕಾಗಿಯೇ ಶದ್ಖನ್ ಎಂಬ ಮಧ್ಯಸ್ಥನಿರುತ್ತಿದ್ದನು. ಸಂಬಂಧವು ನಿಶ್ಚಯವಾದರೆ ಅವನಿಗೆ ಸಂಭಾವನೆ. ಇಲ್ಲವಾದರೆ ತಿರುಗಿದ ಶ್ರಮವಷ್ಟೆ.

ಇಂದು ಲೋಕದಲ್ಲೆಲ್ಲ ಸೇರಿ ಯೆಹೂದ್ಯರ ಸಂಖ್ಯೆಯು ಒಂದೂವರೆ ಕೋಟಿಗೆ ತುಸು ಮೇಲು. ಹೆಚ್ಚಿನವರು ಇಸ್ರೇಲಿನಲ್ಲಿಯೂ ಅಮೆರಿಕದಲ್ಲಿಯೂ ಇರುವರು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2020ರಲ್ಲಿ ವಿಚಾರಿಸಿದಾಗ, 2010ರಿಂದೀಚೆಗೆ ಮದುವೆಯಾದ ಯೆಹೂದ್ಯರಲ್ಲಿ ನೂರಕ್ಕೆ 61 ಮಂದಿ ತಮ್ಮವರಲ್ಲದವರನ್ನು ವರಿಸಿದ್ದುದು ತಿಳಿದುಬಂದಿತು. ಇದು ಕೆಲವರಿಗೆ ಸಹಜವಾದ ಮಾತು. ಕೆಲವರಿಗೆ ಸಂತತಿಯೇ ಕರಗಿಹೋದೀತೆಂಬ ಅಳಲು. ಶುಕ್ರವಾರದ ಸಂಜೆ ಸಬ್ಬತ್ತಿನ ದೀಪ ಹಚ್ಚುವ ಮನೆ ಮತ್ತೊಂದಿಲ್ಲದ ಊರಿನಲ್ಲಿ ಉದ್ಯೋಗಕ್ಕಿರುವ ಕನ್ಯೆಯು ವರನನ್ನು ಎಲ್ಲಿ ಹುಡುಕಬೇಕು?

ಈ ಕೊರತೆಯನ್ನು ತುಂಬಲು 1997ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಜೆಡೇಟ್ ಎಂಬ ಅಂತರಜಾಲ ಸೇವೆಯು ಹುಟ್ಟಿತು. ಧರ್ಮಸಮ್ಮತವಾದ ಆಹಾರನಿಯಮವನ್ನು ಪಾಲಿಸುವಿರಾ, ಪ್ರಾರ್ಥನಾಮಂದಿರಕ್ಕೆ ಎಷ್ಟು ಸಲ ಹೋಗುವಿರಿ ಎಂದು ಮುಂತಾಗಿ ಅದು ಮೊದಲೇ ವಿಚಾರಿಸಿಕೊಳ್ಳುವುದು. ನಮ್ಮ ಹಿರಿಯರು ಗೋತ್ರಸೂತ್ರಗಳನ್ನು ಕೇಳಿದಂತೆಯೇ ಅಲ್ಲವೆ? 2014ರಲ್ಲಿ ಜೆಸ್ವೈಪ್ ಬಂದಿತು. ಅದರಲ್ಲಿ ಭಾವಚಿತ್ರವನ್ನು ಬೆರಳಿನಿಂದ ಒಂದು ಕಡೆಗೆ ಸರಿಸಿದರೆ ಒಪ್ಪಿಗೆ, ಇನ್ನೊಂದು ಕಡೆಗೆ ಸರಿಸಿದರೆ ನಿರಾಕರಣೆ. ಆ ರೋಮನ್ ಸ್ತ್ರೀಗೂ ಇಷ್ಟು ಶೀಘ್ರತೆಯು ತೋಚಿರಲಾರದು.

ನಮಗೆ ಮೆಚ್ಚಿಕೆಯಾದುದು ‘ಸಾ ಯೂ ಅಟ್ ಸೈನಾಯ್’ ಎಂಬುದರ ಕ್ರಮ. ನಿನ್ನನ್ನು ಸೀನಾಯಿಯಲ್ಲಿ ಕಂಡಿದ್ದೆನೆಂದು ಆ ಹೆಸರಿನ ಅರ್ಥ. ಮೋಶೆಗೆ ಧರ್ಮಶಾಸ್ತ್ರವು ದೊರೆತ ದಿನ, ಮುಂದೆ ಹುಟ್ಟಲಿರುವ ಯೆಹೂದ್ಯರ ಆತ್ಮಗಳೆಲ್ಲವೂ ಸೀನಾಯಿ ಪರ್ವತದ ಬಳಿ ನೆರೆದಿದ್ದವೆಂದು ಅವರ ನಂಬಿಕೆ. ಇಲ್ಲಿ ಕಂಡಕಂಡವರು ಕನ್ಯೆಯ ಚಿತ್ರವನ್ನು ನೋಡುತ್ತ ಕೂರುವಂತಿಲ್ಲ. ಮಧ್ಯಸ್ಥರೇ ಇಬ್ಬರ ವೃತ್ತಾಂತವನ್ನೂ ಓದಿ, ಹೊಂದುವುದೆಂದು ಕಂಡರೆ ಸೂಚಿಸುವರು. ಇಬ್ಬರೂ ಒಪ್ಪಿದ ಮೇಲಲ್ಲದೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ದೊರೆಯದು. ಹೀಗಾಗಿ ಹತ್ತು ಮಂದಿಯ ಮುಂದೆ ತಿರಸ್ಕೃತಳಾದ ನೋವು ಹುಡುಗಿಗಿಲ್ಲ. ಆಯ್ಕೆಯು ಕಿರಿದಾಯಿತೆಂದು ಕೆಲವು ತರುಣರು ಗೊಣಗುವುದುಂಟು, ಗೊಣಗಲಿ.

ಮಾಸಮಾಸಕ್ಕೆ ಚಂದಾ ಪಡೆಯುವ ಸೇವೆಗೆ, ಸದಸ್ಯನು ಅರಸುತ್ತಲೇ ಇದ್ದಷ್ಟು ಕಾಲ ಆದಾಯವುಂಟು. ಮದುವೆಯಾದನೆಂದರೆ ಅವನ ಚಂದಾ ನಿಂತಂತೆಯೆ. ಹಳೆಯ ಶದ್ಖನನಿಗಾದರೋ ನಿಶ್ಚಿತಾರ್ಥವಾಗುವವರೆಗೆ ಕೈಗೆ ಕಾಸಿರಲಿಲ್ಲ. ಹಣ ತೆರುವ ಮುನ್ನ ಈ ಭೇದವನ್ನು ತಂದೆತಾಯಿಗಳು ಒಮ್ಮೆ ವಿಚಾರಿಸಿ ನೋಡಬಹುದು.