ಹುಲಿ ಮುಂದೆ ಸೆಲ್ಫಿ ಸರಿ, ಆನೆ ಲದ್ದಿ ಯಾರು ತೆಗೀತಾರೆ?

1/5
ಕ್ಲಾಸ್ ಟ್ರಿಪ್‌ಗೆ ಮೈಸೂರು ಝೂಗೆ ಹೋಗಿದ್ವಲ್ಲ, ಆವತ್ತಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿರೋ ಮಾತು ಇದು. ಒಬ್ಬ ಅಣ್ಣ ತಳ್ಳುಗಾಡೀಲಿ ಆನೆ ಲದ್ದಿ ತುಂಬ್ಕೊಂಡು ಹೋಗ್ತಿದ್ರು. ನಮ್ಮಲ್ಲೇ ಒಬ್ಬ "ಓದದಿದ್ರೆ ಇದೇ ಗತಿ ಕಣ್ರೋ" ಅಂದ. ಎಲ್ಲರೂ ನಕ್ರಿ. ನಾನೂ ನಕ್ಕೆ. ನಮ್ಮ ದೊಡ್ಡಪ್ಪ ಇನ್ನೊಂದು ಝೂನಲ್ಲಿ ಇದೇ ಕೆಲಸ ಮಾಡ್ತಾರೆ ಅಂತ ಹೇಳೋ ಧೈರ್ಯ ಬರ್ಲಿಲ್ಲ. ಈಗ ಹೇಳ್ತಿದ್ದೀನಿ. ಪೂರ್ತಿ ಓದಿ.

2/5
ಆನೆ ದಿನಕ್ಕೆ 150 ಕಿಲೋಗೂ ಹೆಚ್ಚು ಮೇವು ತಿನ್ನುತ್ತೆ. ಅದರಲ್ಲಿ ಅರ್ಧಾನೂ ಜೀರ್ಣ ಆಗಲ್ಲ. ಉಳಿದಿದ್ದು ಎಲ್ಲಿ ಬೀಳುತ್ತೆ, ಲೆಕ್ಕ ಹಾಕಿ, ಬಿಕಾಂ ಅಲ್ವಾ ನಾವು!
ಆದ್ರೆ ಲದ್ದಿ ಬರೀ ಕಸ ಅಲ್ಲ, ಅದು ಪ್ರಾಣಿಯ ರಿಪೋರ್ಟ್. ಕಾಡುಪ್ರಾಣಿ ತನ್ನ ಕಾಯಿಲೆ ತೋರಿಸಲ್ಲ. ಕಾಡಲ್ಲಿ ಸೋತಂಗೆ ಕಂಡ್ರೆ ಇನ್ನೊಂದು ಪ್ರಾಣಿ ಹಿಡಿದುಬಿಡುತ್ತೆ. ಅದಕ್ಕೇ ಪಾಲಕರು ದಿನಾ ಬೆಳಿಗ್ಗೆ ತಲೆ ಎಣಿಸ್ತಾರೆ, ನಡಿಗೆ ನೋಡ್ತಾರೆ, ಉಳಿದ ಊಟ ನೋಡ್ತಾರೆ, ಲದ್ದಿ ನೋಡ್ತಾರೆ. ಡಾಕ್ಟರಿಗೆ ಮೊದಲು ಸುದ್ದಿ ಮುಟ್ಟಿಸೋದು ಅವರೇ.

3/5
ಹುಲಿ ಬಯಲು ಗುಡಿಸೋಕೆ ಮೊದಲು ಹುಲಿನ ಒಳಗೂಡಿಗೆ ಕಳಿಸಬೇಕು. ಗೇಟು ಇಳಿಸಬೇಕು, ಬೀಗ ಹಾಕಬೇಕು, ಎಣಿಸಬೇಕು, ಮತ್ತೆ ಎಣಿಸಬೇಕು. 2017ರ ಅಕ್ಟೋಬರ್‌ನಲ್ಲಿ ಬನ್ನೇರುಘಟ್ಟದಲ್ಲಿ ಬಿಳಿ ಹುಲಿಗಳ ದಾಳಿಗೆ ಒಬ್ಬ ಪಾಲಕರು ಸತ್ತೇ ಹೋದ್ರು. ಟ್ಯಾಲಿಯಲ್ಲಿ ಎಂಟ್ರಿ ತಪ್ಪಾದ್ರೆ ನಾವು ಡಿಲೀಟ್ ಮಾಡ್ತೀವಿ. ಅಲ್ಲಿ ಡಿಲೀಟ್ ಬಟನ್ ಇಲ್ಲ.

4/5
ನಮಗೆ 75% ಅಟೆಂಡೆನ್ಸ್‌ಗೇ ಅಳು ಬರುತ್ತೆ. ಮಂಗಳವಾರ ಮೈಸೂರು ಝೂ ಗೇಟಿಗೆ ರಜೆ, ಒಳಗಿರೋ ಜೀವಗಳಿಗೆ ಅಲ್ಲ. 2017ರ ಜನವರಿಯಲ್ಲಿ ಹಕ್ಕಿಜ್ವರ ಅಂತ ಅದೇ ಝೂ ಮುಚ್ಚಿದಾಗ, 2020ರ ಲಾಕ್‌ಡೌನ್‌ನಲ್ಲಿ ನಾವೆಲ್ಲ ಮನೇಲಿ ಕೂತಿದ್ದಾಗ, ಪಾಲಕರು ಕೆಲಸಕ್ಕೆ ಹೋಗ್ತಾನೇ ಇದ್ರು. ದೀಪಾವಳಿ ರಾತ್ರಿ ನಮ್ಮ ದೊಡ್ಡಪ್ಪ ಮನೇಲಿರಲ್ಲ. ಪಟಾಕಿ ಸದ್ದಿಗೆ ಜಿಂಕೆಗಳು ಬೆದರಿ ಬೇಲಿಗೆ ಗುದ್ದಿಕೊಳ್ಳುತ್ತವೆ ಅಂತ ಅಲ್ಲೇ ಇರ್ತಾರೆ.
ಬಯೋದಲ್ಲಿ "ಅನಿಮಲ್ ಲವರ್" ಅಂತ ಹಾಕ್ಕೊಂಡಿರೋರೇ, ಪ್ರೀತಿ ಅಂದ್ರೆ ಸ್ಟೋರಿ ಅಲ್ಲ. ಹಾಜರಾತಿ.

5/5
"ಝೂ ಅಂದ್ರೆ ಜೈಲು, ಮುಚ್ಚಬೇಕು" ಅಂತ ಕಾಮೆಂಟ್ ಬರುತ್ತೆ, ಗೊತ್ತು. ವಾದ ಮಾಡೋಣ, ನನಗೂ ಪಂಜರ ನೋಡಿದ್ರೆ ಕಸಿವಿಸಿ ಆಗುತ್ತೆ. ಆದ್ರೆ ಅಲ್ಲೇ ಹುಟ್ಟಿ ಬೆಳೆದ ಹುಲಿನ ನಾಳೆ ಬಂಡೀಪುರದಲ್ಲಿ ಬಿಟ್ಟು ಬರೋಕಾಗಲ್ಲ. ವಾದ ಮುಗಿಯೋ ತನಕ ಅದಕ್ಕೆ ನೀರು ಇಡೋರು ಯಾರು?
ಆವತ್ತು ಕೋತಿಗೆ ಚಿಪ್ಸ್ ಎಸೆದೋರು, ರೀಲ್‌ಗೋಸ್ಕರ ಗಾಜು ಬಡಿದೋರು ಕೇಳಿ: ಝೂ ಪ್ರಾಣಿಗಳಿಗೆ ತಿನ್ನಿಸೋದು, ಅವನ್ನ ಕೆಣಕೋದು ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. 6 ತಿಂಗಳವರೆಗೆ ಜೈಲು ಆಗಬಹುದು. ಆ ಚಿಪ್ಸ್ ತಿಂದು ಹೊಟ್ಟೆ ಕೆಟ್ರೆ ರಾತ್ರಿಯೆಲ್ಲ ಕಾಯೋದು ನೀವಲ್ಲ.
ನಿಜವಾಗ್ಲೂ ಪ್ರೀತಿ ಇದ್ರೆ ಕ್ಲಾಸಿನವರೆಲ್ಲ ದುಡ್ಡು ಹಾಕಿ ಒಂದು ಹಕ್ಕಿನಾದ್ರೂ ದತ್ತು ತಗೊಳ್ಳೋಣ. ಝೂನಲ್ಲೇ ಯೋಜನೆ ಇದೆ. ನನ್ನ ಪಾಲು ರೆಡಿ.
ಮುಂದಿನ ಸಲ ತಳ್ಳುಗಾಡಿ ಎದುರಿಗೆ ಬಂದ್ರೆ ದಾರಿ ಬಿಡಿ, "ನಮಸ್ಕಾರ ಅಣ್ಣ" ಅನ್ನಿ. ಸಾಕು.
ದೊಡ್ಡಪ್ಪ ಇನ್‌ಸ್ಟಾದಲ್ಲಿಲ್ಲ. ಭಾನುವಾರ ರಜೆನೂ ಇಲ್ಲ. ಸಂಜೆ ಹೋಗಿ ಇದನ್ನ ಓದಿ ಹೇಳ್ತೀನಿ, ನಾನೂ ನಕ್ಕೆ ಅನ್ನೋ ಸಾಲು ಸೇರಿಸಿ.

#ಪ್ರಾಣಿಪಾಲಕರು #ಝೂ #ಗಾಜು_ಬಡೀಬೇಡಿ #ಬಿಕಾಂ_ಹುಡುಗರು