ಅಪವರ್ತನ, ಅಪವರ್ತ್ಯ: ಹೊಲದಲ್ಲೇ ಇದೆ ಪಾಠ

ಆರನೆಯ ತರಗತಿಗೆ ಬಂದ ಮಕ್ಕಳನ್ನು ಗಣಿತದಲ್ಲಿ ತಬ್ಬಿಬ್ಬು ಮಾಡುವ ಶಬ್ದಗಳು ಎರಡು: ಅಪವರ್ತನ ಮತ್ತು ಅಪವರ್ತ್ಯ. ಕೇಳಲು ಅಣ್ಣ ತಮ್ಮಂದಿರಂತಿದ್ದರೂ ಇವುಗಳ ಅರ್ಥ ಒಂದಕ್ಕೊಂದು ಎದುರುಬದುರು. ಹಿಂದೆಯೇ ಬರುವ ಮ.ಸಾ.ಅ. ಮತ್ತು ಲ.ಸಾ.ಅ. ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತವೆ. 12 ಮತ್ತು 18ರ ‘ಮಹತ್ತಮ’ ಸಾಮಾನ್ಯ ಅಪವರ್ತನ ಕೇವಲ 6. ‘ಲಘುತಮ’ ಸಾಮಾನ್ಯ ಅಪವರ್ತ್ಯವೋ 36. ಮಹತ್ತಮವೇ ಚಿಕ್ಕದು, ಲಘುತಮವೇ ದೊಡ್ಡದು! ಏಕೆ ಹೀಗೆ ಎಂದು ತಿಳಿಯದ ಮಗು ಬಾಯಿಪಾಠದ ಬಲದಿಂದ ಆ ವರ್ಷದ ಪರೀಕ್ಷೆ ದಾಟುತ್ತದೆ. ಮುಂದೆ ಭಿನ್ನರಾಶಿ, ಬೀಜಗಣಿತ ಬಂದಾಗ ಎಡವುತ್ತದೆ. ‘ಇವನಿಗೆ ಗಣಿತ ಹತ್ತುವುದಿಲ್ಲ’ ಎಂದು ಮನೆಯವರು ತೀರ್ಮಾನಿಸುವುದು ಆಗಲೇ. ಆದರೆ ತಪ್ಪಿರುವುದು ಮಗುವಿನ ಬುದ್ಧಿಯಲ್ಲಲ್ಲ, ಕಲಿಸಿದ ಕ್ರಮದಲ್ಲಿ.

ಈ ಪಾಠಕ್ಕೆ ಬೇಕಾದ ಸಾಮಗ್ರಿ ಹಳ್ಳಿಯ ಮಕ್ಕಳ ಕಣ್ಣೆದುರಿಗೇ ಇದೆ. ಬೆಳಗಾವಿ ಜಿಲ್ಲೆಯ ಅರಭಾವಿಯನ್ನೇ ನೋಡಬಹುದು. ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕಾ ಮಹಾವಿದ್ಯಾಲಯ ಇರುವ ಊರು ಇದು. ಸುತ್ತಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕಬ್ಬು, ಗೋವಿನಜೋಳ ಬೆಳೆಯುತ್ತಾರೆ. ಸಸಿಗಳ ಸಾಲು, ಹೊಲದ ಮಡಿ, ನೀರಿನ ಪಾಳಿ ಇಲ್ಲಿನ ಮಕ್ಕಳಿಗೆ ಹೊಸದಲ್ಲ.

36 ಗೋವಿನಜೋಳದ ಕಾಳುಗಳನ್ನು ಮಗುವಿನ ಕೈಗೆ ಕೊಡಿ. ಅವನ್ನು ಸಸಿಗಳೆಂದು ಭಾವಿಸಿ, ಪ್ರತಿ ಸಾಲಿನಲ್ಲೂ ಸಮಸಂಖ್ಯೆಯ ಬದಲು ಸಮನಾದ ಸಂಖ್ಯೆಯ ಸಸಿಗಳಿರುವಂತೆ ಜೋಡಿಸಲು ಹೇಳಿ. ಒಂದು ಸಾಲಿನಲ್ಲಿ 36, ಎರಡು ಸಾಲಿನಲ್ಲಿ 18, ಮೂರರಲ್ಲಿ 12, ನಾಲ್ಕರಲ್ಲಿ 9, ಆರರಲ್ಲಿ 6. ಐದು ಸಾಲು ಮಾಡಹೋದರೆ ಒಂದು ಕಾಳು ಉಳಿಯುತ್ತದೆ. ಏನೂ ಉಳಿಯದಂತೆ ಜೋಡಿಸಲು ಬಂದ 1, 2, 3, 4, 6, 9, 12, 18, 36 ಇವೇ ಅಪವರ್ತನಗಳು. ಈಗ ಇನ್ನೊಂದು ಕಾಳು ಸೇರಿಸಿ. 37 ಕಾಳುಗಳು ಒಂಟಿ ಸಾಲಿನ ಹೊರತು ಬೇರೆ ಯಾವ ಆಯಕ್ಕೂ ಒಗ್ಗುವುದಿಲ್ಲ. ಅವಿಭಾಜ್ಯ ಸಂಖ್ಯೆ ಎಂದರೇನು ಎಂದು ಆಮೇಲೆ ವಿವರಿಸಬೇಕಾಗಿಯೇ ಇಲ್ಲ.

ಅಪವರ್ತ್ಯ ಎಂದರೆ ಮಗ್ಗಿ. 6ರ ಮಗ್ಗಿಯನ್ನು ಎಷ್ಟು ದೂರ ಬೆಳೆಸಿದರೂ ಅದರಲ್ಲಿ ಬರುವುದೆಲ್ಲ 6ರ ಅಪವರ್ತ್ಯ. 36 ಯಾವ ಯಾವ ಸಂಖ್ಯೆಯ ಮಗ್ಗಿಯಲ್ಲಿ ಬರುತ್ತದೆಯೋ ಅವೆಲ್ಲ 36ರ ಅಪವರ್ತನ. ಅಪವರ್ತನ ಸಂಖ್ಯೆಯನ್ನು ಮೀರುವುದಿಲ್ಲ, ಎಣಿಸಿದರೆ ಮುಗಿಯುತ್ತದೆ. ಅಪವರ್ತ್ಯ ಸಂಖ್ಯೆಗಿಂತ ಕಡಿಮೆಯಾಗುವುದಿಲ್ಲ, ಅದಕ್ಕೆ ಕೊನೆಯೂ ಇಲ್ಲ.

ಇಷ್ಟು ತಿಳಿದ ಮಗುವನ್ನು ಹೊಲಕ್ಕೆ ಕರೆದೊಯ್ಯಬಹುದು. 48 ಅಡಿ ಉದ್ದ, 36 ಅಡಿ ಅಗಲದ ಜಾಗವನ್ನು ಒಂದೇ ಅಳತೆಯ ಚೌಕ ಮಡಿಗಳಾಗಿ ಮಾಡಬೇಕು, ಮಡಿ ಆದಷ್ಟು ದೊಡ್ಡದಿರಬೇಕು, ಜಾಗ ಉಳಿಯಬಾರದು. ಎರಡು ಅಳತೆಗಳನ್ನೂ ನಿಶ್ಶೇಷವಾಗಿ ಭಾಗಿಸುವ ಅತಿ ದೊಡ್ಡ ಸಂಖ್ಯೆ 12. ಆದ್ದರಿಂದ 12 ಅಡಿಯ 12 ಮಡಿಗಳು. ಇದು ಮ.ಸಾ.ಅ. ಇನ್ನು ನೀರಿನ ಪಾಳಿ. ಒಬ್ಬರ ಸರದಿ 6 ದಿನಕ್ಕೊಮ್ಮೆ, ಪಕ್ಕದವರದು 8 ದಿನಕ್ಕೊಮ್ಮೆ, ಇಂದು ಎರಡೂ ಕೂಡಿ ಬಂದಿವೆ ಎಂದಿಟ್ಟುಕೊಳ್ಳೋಣ. ಮತ್ತೆ ಕೂಡುವುದು ಎಂದು? ಮಕ್ಕಳು ಥಟ್ಟನೆ ಗುಣಿಸಿ 48 ಎನ್ನುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿದರೆ 24ನೆಯ ದಿನವೇ ಕೂಡುತ್ತವೆ. 48 ಎರಡನೆಯ ಭೇಟಿ. ಇದು ಲ.ಸಾ.ಅ. ಮ.ಸಾ.ಅ. ಹಂಚುವ ಲೆಕ್ಕ, ಲ.ಸಾ.ಅ. ಕೂಡುವ ಲೆಕ್ಕ. ಮೊದಲನೆಯದು ಸಂಖ್ಯೆಗಳ ಕೆಳಗಿದೆ, ಎರಡನೆಯದು ಮೇಲಿದೆ. ಮಹತ್ತಮ ಚಿಕ್ಕದಾದ ರಹಸ್ಯ ಇಷ್ಟೇ.

ಹಿರಿಯರಿಗೂ ಈ ಲೆಕ್ಕ ತಪ್ಪಿದ್ದಲ್ಲ. ಎಕರೆಗೆ 40 ಗುಂಟೆ. ಒಂದು ಎಕರೆಯನ್ನು ಇಬ್ಬರು, ನಾಲ್ವರು, ಐವರು, ಎಂಟು ಜನ ಪೂರ್ಣ ಗುಂಟೆಗಳಲ್ಲಿ ಹಂಚಿಕೊಳ್ಳಬಹುದು. ಮೂವರು ಅಣ್ಣತಮ್ಮಂದಿರು ಹಂಚಿಕೊಳ್ಳಲು ಕುಳಿತರೆ ತಲಾ 13 ಗುಂಟೆ ಕೊಟ್ಟು ಒಂದು ಗುಂಟೆ ಉಳಿಯುತ್ತದೆ. ಗುಂಟೆಗೆ 16 ಆಣೆ. ಆಣೆಗೆ ಇಳಿದರೂ ತಲಾ 5 ಆಣೆ ಹೋಗಿ ಒಂದು ಆಣೆ ಉಳಿಯುತ್ತದೆ. 40ಕ್ಕೂ 16ಕ್ಕೂ 3 ಅಪವರ್ತನವಲ್ಲ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1089 ಚದರ ಅಡಿ. ಎಕರೆಗೆ 43,560 ಚದರ ಅಡಿ. ಇದನ್ನು 3 ನಿಶ್ಶೇಷವಾಗಿ ಭಾಗಿಸುತ್ತದೆ: ತಲಾ 14,520. ಗುಂಟೆಯಲ್ಲಿ ಬಗೆಹರಿಯದ ಪಾಲು ಅಡಿಯಲ್ಲಿ ಬಗೆಹರಿಯುತ್ತದೆ.

ಈ ವಿದ್ಯೆ ಕನ್ನಡನಾಡಿಗೆ ಹೊರಗಿನಿಂದ ಬಂದದ್ದೂ ಅಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಭಿನ್ನರಾಶಿಗಳನ್ನು ಕೂಡಿಸಲು ಛೇದಗಳ ಲ.ಸಾ.ಅ. ಬಳಸುವ ಕ್ರಮವನ್ನು ಅದರಲ್ಲಿ ಹೇಳಿದ್ದಾನೆ. ಅವನು ಅದಕ್ಕೆ ಕೊಟ್ಟ ಹೆಸರು ‘ನಿರುದ್ಧ’. 1/6 ಮತ್ತು 1/8 ಕೂಡಿಸುವಾಗ ಛೇದ 24 ಆಗುವುದೂ, ನೀರಿನ ಪಾಳಿ 24ನೆಯ ದಿನ ಕೂಡುವುದೂ ಒಂದೇ ಮಾತು. ಇದು ಹೊಳೆದ ಮಗುವಿಗೆ ಭಿನ್ನರಾಶಿಯ ಭಯವಿಲ್ಲ.

ಮನೆಯಲ್ಲಿ ಕಲಿಸಲು ತಂದೆತಾಯಿ ಓದಿರಲೇಬೇಕೆಂದಿಲ್ಲ. ಹಿಡಿ ಕಾಳು, ಒಂದು ಕ್ಯಾಲೆಂಡರು, ಅರ್ಧ ತಾಸು ಸಾಕು. ಉತ್ತರ ತಪ್ಪಿದರೆ ಬೈಯದೆ, ‘ಜೋಡಿಸಿ ತೋರಿಸು’ ಎನ್ನಿ. ಕಾಳೇ ತಿದ್ದುತ್ತದೆ. ಭಾಗಾಕಾರದ ಏಣಿ, ಅವಿಭಾಜ್ಯ ಅಪವರ್ತನಗಳ ಕ್ರಮ ಆಮೇಲೆ ಬರಲಿ. ದೊಡ್ಡ ಸಂಖ್ಯೆಗಳಿಗೆ ಅವು ಬೇಕೇ ಬೇಕು.

ಈ ವಾರ ಮನೆಮಂದಿಯೆಲ್ಲ ಕೂಡಿ ಮಾಡಲು ಒಂದು ಲೆಕ್ಕ: ಬುಟ್ಟಿಯಲ್ಲಿರುವ ನಿಂಬೆಹಣ್ಣುಗಳನ್ನು ಎರಡೆರಡು, ಮೂರುಮೂರು, ನಾಲ್ಕುನಾಲ್ಕು, ಐದೈದು, ಆರಾರು ಹೇಗೆ ಎಣಿಸಿದರೂ ಒಂದು ಉಳಿಯುತ್ತದೆ. ಏಳೇಳಾಗಿ ಎಣಿಸಿದರೆ ಏನೂ ಉಳಿಯುವುದಿಲ್ಲ. ಹಾಗಾದರೆ ಕನಿಷ್ಠ ಎಷ್ಟು ಹಣ್ಣುಗಳಿವೆ? ಮೊದಲು 2ರಿಂದ 6ರವರೆಗಿನ ಸಂಖ್ಯೆಗಳ ಲ.ಸಾ.ಅ. ಹುಡುಕಿ, ಅಲ್ಲಿಂದ ಮುಂದೆ ನಡೆಯಿರಿ.

(ಉತ್ತರ: 301)