ವೇಳಾಂಕಣಿಗೆಂದು ಕಾರು ತೆಗೆದುಕೊಳ್ಳಬೇಡಿ

ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿ ಅಂಗಳದಲ್ಲಿ ನಡೆಯುವ ಮಾತಿಗೆ ಈಗ ಹೊಸ ವಿಷಯವೊಂದು ಸೇರಿದೆ. ಅಡಿಕೆ ರೇಟು, ಮಳೆ, ಗಲ್ಫಿನ ಸುದ್ದಿ ಮುಗಿದ ಕೂಡಲೇ ಯಾರಾದರೊಬ್ಬರು ಕೇಳುತ್ತಾರೆ: “ಕರೆಂಟಿನ ಕಾರು ಯಾವುದು ಒಳ್ಳೆಯದು?” ಮೊಬೈಲ್ ನೋಡುವವರು ಎಂದು ನಮ್ಮ ಯುವಜನರ ಕಡೆಗೇ ಪ್ರಶ್ನೆ ಬರುತ್ತದೆ. ಹಾಗಾಗಿ ನಾವು ಕುಳಿತು ಲೆಕ್ಕ ಹಾಕಿದೆವು. ಉತ್ತರ ಮೊದಲೇ ಹೇಳುತ್ತೇವೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಮಂಜೇಶ್ವರದಿಂದ ಕಾಸರಗೋಡಿನವರೆಗಿನ ನಮ್ಮಂಥ ಮನೆಗಳಲ್ಲಿ ಹೆಚ್ಚಿನವರಿಗೆ ಸಣ್ಣ ಗಾಡಿ, ಸಣ್ಣ ಬ್ಯಾಟರಿ ಸಾಕು. ಇನ್ನು ಕೆಲವರಿಗೆ ಎಲೆಕ್ಟ್ರಿಕ್ ಕಾರೇ ಬೇಡ.

ಸದ್ಯ ಮಾತಿನಲ್ಲಿ ಬರುವ ಹೆಸರು ನಾಲ್ಕು. 2024ರ ಜನವರಿಯಲ್ಲಿ ಬಂದ ಟಾಟಾ ಪಂಚ್ ಇವಿ, ಅದರ ಅಣ್ಣನಂತಿರುವ ನೆಕ್ಸಾನ್ ಇವಿ, ಮಹೀಂದ್ರಾದ ಎಕ್ಸ್‌ಯುವಿ400, ಮತ್ತೆ ಎಂಜಿ ವಿಂಡ್ಸರ್. ವಿಂಡ್ಸರ್ ಸರಿಯಾಗಿ ನೋಡಿದರೆ ಎಸ್‌ಯುವಿಯೇ ಅಲ್ಲ, ಆದರೂ ಜನ ಅದೇ ಸಾಲಿನಲ್ಲಿಟ್ಟು ಕೇಳುತ್ತಾರೆ. ಪಂಚ್ 25 ಅಥವಾ 35 ಕಿಲೋವ್ಯಾಟ್-ಅವರ್ ಬ್ಯಾಟರಿಯೊಂದಿಗೆ ಬಂತು. ನೆಕ್ಸಾನ್‌ನ ದೊಡ್ಡ ಬ್ಯಾಟರಿ 45, ಎಕ್ಸ್‌ಯುವಿ400ದ್ದು 39.4, ವಿಂಡ್ಸರ್ ಬಂದಾಗ ಇದ್ದದ್ದು 38. ಕರೆಂಟು ಬಿಲ್ಲಿನಲ್ಲಿ ನಾವು ಯೂನಿಟ್ ಎನ್ನುವುದೂ ಇದೇ ಅಳತೆ. ಅಂದರೆ 35ರ ಬ್ಯಾಟರಿ ತುಂಬಲು ಹೆಚ್ಚುಕಡಿಮೆ 35 ಯೂನಿಟ್ ಬೇಕು, ಚಾರ್ಜ್ ಆಗುವಾಗ ನಷ್ಟವಾಗುವುದು ಇನ್ನು ಸ್ವಲ್ಪ.

ಎಲ್ಲರೂ ಮೊದಲು ಕೇಳುವುದು ರೇಂಜ್. ಬುಕ್‌ಲೆಟ್ಟಿನಲ್ಲಿ ನೆಕ್ಸಾನ್ 45ಕ್ಕೆ 489 ಕಿ.ಮೀ. ಎಂದಿದೆ, ಪಂಚ್ 35ಕ್ಕೆ 421. ಇದು ಪ್ರಯೋಗಶಾಲೆಯ ಲೆಕ್ಕ. ನೆಕ್ಸಾನ್‌ನಲ್ಲಿ ಹೆಚ್ಚಿನ ಗ್ರಾಹಕರಿಗೆ ನಿಜವಾಗಿ ಸಿಗುವುದು 350ರಿಂದ 370 ಎಂದು ಕಂಪನಿಯೇ ಹೇಳುತ್ತದೆ. ತಲಪ್ಪಾಡಿಯಿಂದ ಚೆಂಗಳದವರೆಗೆ ಆರು ಪಥದ ಹೆದ್ದಾರಿ ಆದ ಮೇಲೆ ನಮ್ಮವರು ನೂರರಲ್ಲಿ ಹೋಗಲು ಕಲಿತಿದ್ದಾರೆ, ಆ ವೇಗದಲ್ಲಿ ಅಷ್ಟೂ ಸಿಗುವುದಿಲ್ಲ. ಪೆಟ್ರೋಲ್ ಗಾಡಿಗೆ ಪೇಟೆಯ ಟ್ರಾಫಿಕ್ಕಿನಲ್ಲಿ ಮೈಲೇಜ್ ಬೀಳುತ್ತದೆ, ಕರೆಂಟಿನದ್ದಕ್ಕೆ ಹೆದ್ದಾರಿಯ ವೇಗದಲ್ಲಿ ಬೀಳುತ್ತದೆ. ಬುಕ್‌ಲೆಟ್ಟಿನ ಸಂಖ್ಯೆಯ ಮೂರರಲ್ಲಿ ಎರಡು ಭಾಗ ಎಂದು ಹಿಡಿದರೆ ನೆಮ್ಮದಿ. ಹಾಗೆ ನೋಡಿದರೆ ಪಂಚ್ 35ಕ್ಕೆ ಸುಮಾರು 280.

ಇನ್ನು ನಮ್ಮ ಓಡಾಟ ನೋಡಿ. ಉಪ್ಪಳದಿಂದ ಮಂಗಳೂರಿನ ಆಸ್ಪತ್ರೆಗೆ ಹೋಗಿ ಬಂದರೆ ಅರವತ್ತು ದಾಟುವುದಿಲ್ಲ. ಪೆರ್ಲದ ಮನೆಯಿಂದ ಕಾಸರಗೋಡಿನ ಕಚೇರಿಗೆ ಹೋಗಿ ಬಂದರೂ ಹಾಗೆಯೇ. ಜನವರಿಯಲ್ಲಿ ಅತ್ತೂರು ಸಂತ ಲಾರೆನ್ಸರ ಹಬ್ಬಕ್ಕೆ ಮಂಜೇಶ್ವರದಿಂದ ಹೋಗಿ ಬರಲು ಸುಮಾರು 150 ಕಿ.ಮೀ. ಇವೆಲ್ಲ ಸಣ್ಣ ಬ್ಯಾಟರಿಯ ಒಳಗೇ ಮುಗಿಯುವ ದಾರಿ.

ಹಾಗಾದರೆ ದೊಡ್ಡ ಬ್ಯಾಟರಿ ಬೇಕು ಎನ್ನುವವರು ಯಾವುದನ್ನು ನೆನೆದು ಹೇಳುತ್ತಾರೆ? ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ ವೇಳಾಂಕಣಿ ಎನ್ನುತ್ತಾರೆ. ಇಲ್ಲಿಂದ ಆರುನೂರಕ್ಕೂ ಹೆಚ್ಚು ಕಿಲೋಮೀಟರ್. 35ರಲ್ಲಿ ಹೋದರೂ ದಾರಿಯಲ್ಲಿ ನಿಲ್ಲಿಸಿ ಚಾರ್ಜ್ ಮಾಡಬೇಕು, 45ರಲ್ಲಿ ಹೋದರೂ ಮಾಡಬೇಕು. ವ್ಯತ್ಯಾಸ ಒಂದೆರಡು ನಿಲುಗಡೆಯದ್ದು. ಆ ಒಂದೆರಡು ನಿಲುಗಡೆ ಉಳಿಸಲು, ಅದೂ ವರ್ಷಕ್ಕೊಮ್ಮೆ, ಎಷ್ಟು ಕೊಡುತ್ತೀರಿ ಎಂಬುದೇ ನಿಜವಾದ ಪ್ರಶ್ನೆ. 2025ರಲ್ಲಿ ಶೋರೂಮ್ ಬೆಲೆ ಪಂಚ್‌ಗೆ ಸುಮಾರು 10 ಲಕ್ಷದಿಂದ, ನೆಕ್ಸಾನ್‌ಗೆ ಸುಮಾರು 12.5 ಲಕ್ಷದಿಂದ, ಎಕ್ಸ್‌ಯುವಿ400ಕ್ಕೆ ಸುಮಾರು 15.5 ಲಕ್ಷದಿಂದ ಶುರುವಾಗುತ್ತಿತ್ತು. ಒಂದು ಮೆಟ್ಟಿಲು ಮೇಲೆ ಹೋಗಲು 3 ಲಕ್ಷ ಹೆಚ್ಚು ಸಾಲ ಮಾಡಿದರೆ, ಶೇ. 9.5 ಬಡ್ಡಿಗೆ 7 ವರ್ಷಕ್ಕೆ ತಿಂಗಳಿಗೆ ಸುಮಾರು 4,900 ರೂಪಾಯಿ ಕಂತು.

ಈಗ ಉಳಿತಾಯ ನೋಡೋಣ. ತಿಂಗಳಿಗೆ 1000 ಕಿ.ಮೀ. ಓಡುವ ಪೆಟ್ರೋಲ್ ಕಾರು ಲೀಟರಿಗೆ 15 ಕೊಟ್ಟರೆ 7,000 ರೂಪಾಯಿಯಷ್ಟು ಕುಡಿಯುತ್ತದೆ. ಗಡಿ ದಾಟಿ ಹಾಕಿಸಿದರೆ ಸ್ವಲ್ಪ ಕಡಿಮೆ, ಅದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಷ್ಟೇ ದೂರಕ್ಕೆ ಕರೆಂಟು 150 ಯೂನಿಟ್, ಸುಮಾರು ಸಾವಿರ ರೂಪಾಯಿ. ಉಳಿಯುವುದು ಹತ್ತಿರ ಹತ್ತಿರ 6,000. ಅದರಲ್ಲಿ 4,900 ಆ ಹೆಚ್ಚಿನ ಕಂತಿಗೇ ಹೋದರೆ ಪೆಟ್ರೋಲ್ ಉಳಿಸಿದ ಹಣವೆಲ್ಲ ಬ್ಯಾಂಕಿಗೆ ಕೊಟ್ಟಂತಾಯಿತು. ಮಗ ಗಲ್ಫಿನಲ್ಲಿ ದುಡಿದು ಕಳಿಸುವ ಹಣದಲ್ಲಿ ಕಂತು ಕಟ್ಟುವ ಮನೆಗಳು ನಮ್ಮ ವಾಳೆಗಳಲ್ಲಿ ಎಷ್ಟಿವೆ ಎಂದು ಗುರ್ಕಾರರಿಗೆ ಗೊತ್ತು. ವೀಸಾ ಮುಗಿದರೂ ಕಂತು ನಿಲ್ಲುವುದಿಲ್ಲ.

ತಿಂಗಳಿಗೆ 500 ಕಿ.ಮೀ. ಕೂಡ ಓಡಿಸದವರು ಎಲೆಕ್ಟ್ರಿಕ್ ಕಾರಿನ ಆಸೆ ಬಿಡುವುದು ಒಳ್ಳೆಯದು ಎಂದು ನಮಗನಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ. ಇವಿಗೆ ಮೊದಲಿನಂತೆ ಶೇ. 5. ಅಂತರ ಕಡಿಮೆಯಾಯಿತು. ಪೂಜೆಗೆ, ಮದುವೆಗೆ, ಆಸ್ಪತ್ರೆಗೆ ಮಾತ್ರ ಹೊರಡುವ ಕಾರಿಗೆ 4 ಲಕ್ಷ ಹೆಚ್ಚು ಕೊಟ್ಟರೆ ಅದು ಪೆಟ್ರೋಲಿನಲ್ಲಿ ವಾಪಸ್ ಬರಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ಪರಿಸರದ ಕಾಳಜಿಯಿಂದ ಕೊಳ್ಳುತ್ತೇವೆ ಎನ್ನುವವರ ಮನಸ್ಸನ್ನು ಗೌರವಿಸುತ್ತೇವೆ. ಆದರೆ ಒಂದೇ ಗುಡ್ಡೆಯ ನಾಲ್ಕು ಮನೆಯಿಂದ ನಾಲ್ಕು ಕಾರು ಒಂದೇ ಪೂಜೆಗೆ ಬರುವುದನ್ನೂ ಅವರು ನೋಡಿರುತ್ತಾರಲ್ಲ!

ಶೋರೂಮಿನಲ್ಲಿ ಯಾರೂ ಹೇಳದ ಒಂದು ವಿಷಯ ಕೆಎಸ್‌ಇಬಿ ಬಿಲ್ಲಿನದ್ದು. ಕೇರಳದಲ್ಲಿ ಮನೆಯ ಬಳಕೆ ತಿಂಗಳಿಗೆ 250 ಯೂನಿಟ್ ಒಳಗಿದ್ದರೆ ಹಂತ ಹಂತದ ದರ, ಮೊದಲ ಯೂನಿಟ್‌ಗಳಿಗೆ ಕಡಿಮೆ, ಮೇಲಿನದ್ದಕ್ಕೆ ಹೆಚ್ಚು. 250 ದಾಟಿದರೆ ಆ ಹಂತ ಹೋಯಿತು, ಮೊದಲ ಯೂನಿಟ್‌ನಿಂದಲೇ ಒಂದೇ ದೊಡ್ಡ ದರ. ಎರಡು ತಿಂಗಳ ಬಿಲ್ಲಿನಲ್ಲಿ ಆ ಗೆರೆ 500. ಮನೆಗೆ ಈಗ 130 ಬರುತ್ತಿದೆ ಎಂದಿಟ್ಟುಕೊಳ್ಳಿ, ಕಾರಿನ 150 ಸೇರಿದರೆ 280. ಕಾರಿನ ಕರೆಂಟಿಗೆ ಮಾತ್ರವಲ್ಲ, ಫ್ರಿಜ್ಜಿಗೂ ಪಂಪಿಗೂ ಹೆಚ್ಚು ಕೊಡಬೇಕಾಗುತ್ತದೆ. ಗೆರೆ ದಾಟಿದವರಿಗೆ ಸಂಜೆ 6ರಿಂದ 10ರವರೆಗಿನ ಕರೆಂಟು ಇನ್ನೂ ದುಬಾರಿ, ಹಗಲಿನದ್ದು ಅಗ್ಗ. ಕೆಲಸದಿಂದ ಬಂದ ಕೂಡಲೇ ಪ್ಲಗ್ ಹಾಕುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಕಾರಿನ ಬುಕಿಂಗ್‌ಗೆ ಮೊದಲು ಹಿಂದಿನ ಒಂದು ವರ್ಷದ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿ ನೋಡಿ. ಮಾಡಿನ ಮೇಲೆ ಸೋಲಾರ್ ಹಾಕುವ ಯೋಚನೆ ಇದ್ದರೆ ಅದನ್ನು ಮೊದಲು ಮಾಡಿ, ಕಾರು ಆಮೇಲೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಹಗಲು ಕಾರು ಮನೆಯಲ್ಲಿರುವವರಿಗೆ ಇದು ಚೆನ್ನಾಗಿ ಹೊಂದುತ್ತದೆ.

ವಯರಿಂಗ್ ವಿಷಯಕ್ಕೆ ಬಂದರೆ, 15 ಆಂಪಿಯರ್ ಪ್ಲಗ್‌ನಲ್ಲೇ ಚಾರ್ಜ್ ಆಗುತ್ತದೆ, ದಿನಕ್ಕೆ 40 ಕಿ.ಮೀ. ಓಡಿಸುವವರಿಗೆ ಎರಡು ಎರಡೂವರೆ ಗಂಟೆ ಸಾಕು. ತೊಂದರೆ ಎರ್ತಿಂಗ್‌ನದ್ದು. ನಮ್ಮ ಮುರಕಲ್ಲಿನ ಗುಡ್ಡೆಗಳ ಮೇಲೆ ಏಪ್ರಿಲ್ ಮೇ ತಿಂಗಳಲ್ಲಿ ಮಣ್ಣು ಒಣಗಿ ಎರ್ತಿಂಗ್ ಸೋಲುತ್ತದೆ. ಎರ್ತ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಜನ ಕಾರು ಹಾಳಾಯಿತು ಎಂದು ಬೈಯುತ್ತಾರೆ. ಕಾರಿಗೆಂದೇ ಬೇರೆ ಲೈನ್, ಹೊಸ ಎರ್ತ್ ಗುಂಡಿ, ಒಳ್ಳೆಯ ಬ್ರೇಕರ್ ಹಾಕಿಸಿ. ತುಲಾಮಾಸದ ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ತೆಗೆದುಬಿಡಿ. 7.2 ಕಿಲೋವ್ಯಾಟಿನ ಗೋಡೆ ಚಾರ್ಜರ್ ಬೇಕೆಂದರೆ ಮನೆಯ ಕನೆಕ್ಟೆಡ್ ಲೋಡ್ ಸಾಕೇ ಎಂದು ಸೆಕ್ಷನ್ ಆಫೀಸಿನಲ್ಲಿ ಮೊದಲೇ ಕೇಳಿ.

ಗಾಡಿಗಳ ಬಗ್ಗೆ ಒಂದೊಂದು ಮಾತು. ಪಂಚ್ ಮತ್ತು ನೆಕ್ಸಾನ್ ಎರಡಕ್ಕೂ 2024ರ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಬಂದಿದೆ, ದೊಡ್ಡವರ ರಕ್ಷಣೆಯಲ್ಲಿ ಸಣ್ಣ ಪಂಚ್‌ಗೇ ಹೆಚ್ಚು ಅಂಕ: 32ಕ್ಕೆ 31.46. ಸಣ್ಣ ಕಾರು ಗಟ್ಟಿಯಲ್ಲ ಎನ್ನುವವರಿಗೆ ಇದನ್ನು ಹೇಳಿ. ಪಂಚ್‌ನ ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಕುಳಿತರೆ ಇಕ್ಕಟ್ಟು, ಅದು ನಿಜ. ಮನೆಯಲ್ಲಿ ಐದು ಜನ ದಿನವೂ ಒಟ್ಟಿಗೆ ಹೊರಡುವುದಾದರೆ ನೆಕ್ಸಾನ್ ನೋಡಿ. ಎಕ್ಸ್‌ಯುವಿ400 ಅಗಲವಾಗಿದೆ, ಎಳೆಯುವ ಶಕ್ತಿ ಚೆನ್ನಾಗಿದೆ, ಆದರೆ ಬೆಲೆಗೆ ತಕ್ಕಷ್ಟು ಕಾರಣ ನಮಗೆ ಕಾಣಲಿಲ್ಲ. ವಿಂಡ್ಸರ್ ಬ್ಯಾಟರಿ ಬಾಡಿಗೆಯ ಯೋಜನೆಯೊಂದಿಗೆ 9.99 ಲಕ್ಷಕ್ಕೆ ಬಂದಾಗ ಎಲ್ಲರ ಕಿವಿ ನೆಟ್ಟಗಾಯಿತು. ಕಿ.ಮೀ.ಗೆ 3.50 ರೂಪಾಯಿ ಬಾಡಿಗೆ ಎಂದರೆ ಸಾವಿರಕ್ಕೆ 3,500, ಕರೆಂಟು ಬೇರೆ. ತಿಂಗಳಿಗೆ ಕನಿಷ್ಠ ಇಷ್ಟು ಓಡಿಸಲೇಬೇಕು ಎಂಬ ಷರತ್ತು ಇದೆಯೇ ಎಂದು ಕರಾರು ಪತ್ರ ಓದಿ. ಕೇರಳವು 2025ರ ಏಪ್ರಿಲ್‌ನಿಂದ ಬಾಡಿಗೆ ಬ್ಯಾಟರಿಯ ಗಾಡಿಗೆ ಶೇ. 10 ರಸ್ತೆ ತೆರಿಗೆ ಹಾಕಿದೆ. ಬ್ಯಾಟರಿ ಸಹಿತ ಕೊಂಡ 15 ಲಕ್ಷದೊಳಗಿನ ಇವಿಗೆ ಶೇ. 5.

ತೆರಿಗೆ ಎಂದ ಕೂಡಲೇ ಇನ್ನೊಂದು ಮಾತು ಬರುತ್ತದೆ: “ಮಂಗಳೂರಿನಲ್ಲಿರುವ ಭಾವನ ವಿಳಾಸ ಕೊಟ್ಟು ಕೆಎ ನಂಬರ್ ಮಾಡಿಸಿದರೆ?” ಬೇಡ. ಗಾಡಿ ಎಲ್ಲಿ ಇಡುತ್ತೀರೋ ಅಲ್ಲಿ ನೋಂದಣಿ ಎಂಬುದು ಕಾನೂನು, ಬೇರೆ ರಾಜ್ಯದ್ದಾದರೆ 12 ತಿಂಗಳ ಮೇಲೆ ಇಲ್ಲಿ ಮರುನೋಂದಣಿ. ದಂಡ, ಇನ್ಶೂರೆನ್ಸಿನ ತಕರಾರು ಒಂದು ಕಡೆ. ನಮ್ಮ ಪಂಚಾಯತಿನ ರಸ್ತೆಯ ಹೊಂಡಕ್ಕೆ ಬೈಯುವ ನಾವೇ ತೆರಿಗೆ ಬೇರೆ ಕಡೆ ಕಟ್ಟುವುದು ಇನ್ನೊಂದು ಕಡೆ.

ಬ್ಯಾಟರಿ ಹಾಳಾದರೆ ಎಂಬ ಹೆದರಿಕೆ ಸ್ವಲ್ಪ ಹೆಚ್ಚೇ ಇದೆ. 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಈಗ ಸಾಮಾನ್ಯ. ಪಂಚ್, ನೆಕ್ಸಾನ್, ವಿಂಡ್ಸರ್‌ಗಳಲ್ಲಿರುವ ಎಲ್‌ಎಫ್‌ಪಿ ಬಗೆಯ ಬ್ಯಾಟರಿ ಬಿಸಿಯನ್ನೂ ಪೂರ್ತಿ ಚಾರ್ಜನ್ನೂ ತಡೆದುಕೊಳ್ಳುತ್ತದೆ. ಎಂಟು ವರ್ಷದ ಮೇಲೆ ಐದರಲ್ಲಿ ಒಂದು ಭಾಗ ಶಕ್ತಿ ಹೋಯಿತೆಂದರೂ ಪಂಚ್ 35ರಲ್ಲಿ 220 ಉಳಿಯುತ್ತದೆ, ಅತ್ತೂರಿಗೆ ಹೋಗಿ ಬಂದು ಇನ್ನೂ ಮಿಗುತ್ತದೆ.

ವೇಳಾಂಕಣಿಗೆ ಹೋಗುವವರು ನಾಲ್ಕು ಮನೆ ಸೇರಿ ಒಂದು ಟ್ರಾವೆಲ್ಲರ್ ಮಾಡಿ ಹೋಗಿ, ದಾರಿಯಲ್ಲಿ ರೋಸರಿಗೂ ಜನ ಇರುತ್ತಾರೆ, ಡ್ರೈವರನಿಗೂ ನಿದ್ದೆ ಬರುವುದಿಲ್ಲ.

ಟೆಸ್ಟ್ ಡ್ರೈವ್ ಎಂದು ಹೆದ್ದಾರಿಯಲ್ಲಿ ಒಂದು ಸುತ್ತು ಹಾಕಿಸಿ ಕಳಿಸುತ್ತಾರೆ. ಅದಕ್ಕೆ ಒಪ್ಪಬೇಡಿ. ಗಾಡಿಯನ್ನು ಮನೆಗೆ ತರಿಸಿ, ಮನೆಯ ಏರು ದಾರಿಯಲ್ಲಿ, ಮಳೆಗಾಲವಾದರೆ ಇನ್ನೂ ಒಳ್ಳೆಯದು, ಮನೆಮಂದಿಯನ್ನೆಲ್ಲ ಕೂರಿಸಿ ಹತ್ತಿಸಿ. ಅಡಿ ತಾಗುತ್ತದೆಯೇ, ಸ್ಟೆಪ್ನಿ ಇದೆಯೇ ಅಥವಾ ಪಂಕ್ಚರ್ ಕಿಟ್ ಮಾತ್ರವೇ, ಇವಿ ರಿಪೇರಿ ಮಾಡುವವರು ಕಾಸರಗೋಡಿನಲ್ಲೇ ಇದ್ದಾರೆಯೇ, ಮಂಗಳೂರಿಗೆ ಹೋಗಬೇಕೇ, ಎಲ್ಲ ಕೇಳಿ. ಮೊಣಕಾಲು ನೋವಿನ ಅಜ್ಜಿಯನ್ನು ಹಿಂದಿನ ಸೀಟಿಗೆ ಹತ್ತಿಸಿ ಇಳಿಸಿ ನೋಡಿ. ಪೂಜೆಗೆ ಪ್ರತಿ ವಾರ ಆ ಸೀಟಿನಲ್ಲಿ ಕೂರುವವರು ಅವರೇ, ಬಾಗಿಲು ಸಣ್ಣದಾಯಿತು ಎಂದು ಅವರು ಹೇಳಿದರೆ ಬೇರೆ ಗಾಡಿ ನೋಡಿ.